ಕೇದಾರದ ಚಳಿಗೆ ಮೂರು ಪದರ

ಕೇದಾರನಾಥಕ್ಕೆ ಹೊರಟಾಗ ಎಲ್ಲರೂ ಕೇಳಿದ್ದು ಚಳಿಯ ಮಾತು. ಮಂಡಿನೋವಿನ ನನಗೆ ಹೊರೋ ಭಾರದ್ದೇ ಚಿಂತೆ. ಗೌರಿಕುಂಡದಿಂದ ಸುಮಾರು 16 ಕಿಲೋಮೀಟರ್ ಏರು. ಗುಡಿಯಿರುವುದು 3,583 ಮೀಟರ್ ಎತ್ತರದಲ್ಲಿ!

ದಪ್ಪ ಕೋಟು ಬಿಟ್ಟು ತೆಳ್ಳಗಿನ ಮೂರು ಉಡುಪು ಆರಿಸಿಕೊಂಡೆ. ಒಳಗೆ ಪಾಲಿಯೆಸ್ಟರ್ ಬನಿಯನ್ನು, ಅದರ ಮೇಲೆ ಉಣ್ಣೆ ಸ್ವೆಟರು, ಹೊರಗೆ ಮಳೆಕೋಟು. ಪದರಗಳ ನಡುವೆ ನಿಂತ ಗಾಳಿಯೇ ಮೈಬಿಸಿ ಕಾಯುತ್ತದೆ. ಏರುವಾಗ ಬೆವರುತ್ತೆ, ಸ್ವೆಟರು ಚೀಲಕ್ಕೆ. ಕೂತೊಡನೆ ಮತ್ತೆ ಮೈಮೇಲೆ. ಹತ್ತಿಬಟ್ಟೆ ನಮ್ಮೂರ ಸೆಕೆಗೇ ಸರಿ. ಅಲ್ಲಿ ಬೆವರು ಕುಡಿದು, ಬೇಗ ಒಣಗದೆ ಮೈ ನಡುಗಿಸುತ್ತೆ. ಸೀರೆ ನೆನೆದರಂತೂ ಕಾಲಿಗೇ ಸುತ್ತಿಕೊಳ್ಳುತ್ತೆ.

“ದೇವರ ಮುಂದೆ ಚೂಡಿದಾರವೇನಮ್ಮಾ?” ಅಂದರು ಅತ್ತೆ. ಗುಡಿಗೆಂದು ಹಗುರವಾದೊಂದು ಸೀರೆ ಮಡಿಸಿಟ್ಟೆ, ಒಪ್ಪಿದರು. ನೀವು ಹೋಗುವುದಾದರೆ ಒಂದು ಜೊತೆ ಉಣ್ಣೆ ಕಾಲುಚೀಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೇರೆ ಇಡಿ, ರಾತ್ರಿ ಮಲಗುವಾಗ ಬೇಕಾಗುತ್ತೆ.