ಅವ್ವನ ಹಾಡಿಗೊಂದು ಕುಬಸ

ಹರಿದ ಕುಬಸಕ್ಕೆ ತೇಪೆ ಹಾಕುವುದು, ಕೌದಿ ಹೊಲಿಯುವುದು, ಟೇಬಲ್ ಕ್ಲಾತಿಗೆ ಕ್ರಾಸ್ ಸ್ಟಿಚ್ ತುಂಬುವುದು ನನಗೆ ಗೊತ್ತಿದ್ದ ಕೆಲಸಗಳು. ಕಂಪ್ಯೂಟರಿನೊಳಗೂ ಒಂದು ಕುಬಸ ಹೊಲಿಯುವ ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

2002ರ ಮಾತು. ಚಿಂಚೋಳಿ ಕಡೆಯ ಹಳ್ಳಿಯಲ್ಲಿ ಒಬ್ಬಳೇ ಇದ್ದ ಅವ್ವನನ್ನು ಶಹಾಬಾದಿನ ನಮ್ಮ ಮನೆಗೆ ಕರೆತಂದಿದ್ದೆವು. ಎರಡೂ ಕಣ್ಣಿಗೆ ಪೊರೆ. ಸಕ್ಕರೆ ಕಾಯಿಲೆ ಹತೋಟಿಗೆ ಬರುವ ತನಕ ಆಪರೇಷನ್ ಬೇಡವೆಂದಿದ್ದರು ಡಾಕ್ಟರು. ಅವಳು ಟ್ರಂಕಿನಲ್ಲಿ ಸೀರೆಗಳ ನಡುವೆ ಒಂದು ಕ್ಯಾಸೆಟ್ ಸುತ್ತಿಟ್ಟುಕೊಂಡು ಬಂದಿದ್ದಳು. ಚಿತ್ತಾಪುರದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ತೀರಿಕೊಳ್ಳುವ ಮೊದಲು ಹಾಡಿದ ಬೀಸುವ ಪದಗಳು ಅದರಲ್ಲಿದ್ದವು. ಟೇಪು ಸವೆದು ದೊಡ್ಡವ್ವನ ದನಿ ನೀರೊಳಗಿಂದ ಬಂದಂತೆ ಕೇಳುತ್ತಿತ್ತು. ಇನ್ನೊಂದು ಸಲ ಸಿಕ್ಕಿಕೊಂಡರೆ ಮುಗಿಯಿತು.

ಸೇಡಂನಲ್ಲಿರುವ ನನ್ನ ಅಕ್ಕನ ಮಗ ಆ ಹಾಡುಗಳನ್ನು ತನ್ನ ಹಳೆಯ ಕಂಪ್ಯೂಟರಿಗೆ ಇಳಿಸಿದ. ಆಮೇಲೆ ಕಂಪ್ಯೂಟರನ್ನೇ ಗೋಣಿಚೀಲದಲ್ಲಿ ಸುತ್ತಿ, ಚಿತ್ತಾಪುರ, ವಾಡಿ ದಾಟಿ ರೈಲಿನಲ್ಲಿ ಹೊತ್ತು ತಂದ. ಹಾಡಿಸುವ ಸಾಫ್ಟ್‌ವೇರಿನ ಹೆಸರು ವಿನಾಂಪ್. ಜಸ್ಟಿನ್ ಫ್ರಾಂಕೆಲ್ ಎಂಬ ಅಮೆರಿಕದ ಹುಡುಗ 1997ರಲ್ಲಿ ಹೊರತಂದದ್ದು. ಆದರೆ ಅದರ ಮುಖವೋ, ನಮ್ಮೂರಿನ ಫರಸಿಯ ಬಣ್ಣ! ಅದರ ಮೇಲೆ ಅದೇ ಬೂದುಬಣ್ಣದ ಪುಟ್ಟ ಗುಂಡಿಗಳು. ನನ್ನ ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಗೆ, ನಾನು ಶಾಲೆಗೆ ಹೋದರೆ ಅವ್ವ ದಿನವಿಡೀ ಒಬ್ಬಳೇ. ಒಂದು ಹಾಡು ಹಚ್ಚಲಿಕ್ಕೂ ನಮ್ಮ ದಾರಿ ಕಾಯಬೇಕು. ನಾವು ಬರುವ ಹೊತ್ತಿಗೆ ಕರೆಂಟು ಹೋಗಿರುತ್ತಿತ್ತು. “ಇರಲಿ ಬಿಡವ್ವಾ, ನಾಳೆ ಕೇಳ್ತೀನಿ” ಎನ್ನುತ್ತಿದ್ದಳು. ಆ ‘ಇರಲಿ ಬಿಡು’ ನನಗೆ ನುಂಗಲಾರದ ತುತ್ತಾಗಿತ್ತು.

“ಸಣ್ಣವ್ವಾ, ಇದರ ಸ್ಕಿನ್ ಬದಲಿ ಮಾಡಬಹುದು” ಎಂದ ಹುಡುಗ. “ಪದಾ ಹಾಡೋ ಪೆಟ್ಟಿಗಿಗೆ ತೊಗಲು ಬ್ಯಾರೆ ಇರ್ತದೇನು?” ಎಂದು ಅವ್ವ ನಕ್ಕಳು.

ಯಾರೋ ಮಾಡಿದ್ದ ಸ್ಕಿನ್ ಒಂದನ್ನು ಅವನು ಫ್ಲಾಪಿಯಲ್ಲಿ ತಂದ. ಬಿಚ್ಚಿದರೆ ಒಳಗೆ ಬರಿಯ ಚಿತ್ರಗಳು. ಮುಖದ ಚಿತ್ರ 275 ಚುಕ್ಕಿ ಅಗಲ, 116 ಚುಕ್ಕಿ ಎತ್ತರ. ಗುಂಡಿಗಳದು ಬೇರೆ ಚಿತ್ರ, ಹಾಡಿಸುವ, ನಿಲ್ಲಿಸುವ ಗುಂಡಿಗಳು 23ಕ್ಕೆ 18. ಇವಕ್ಕೆ ಬೇರೆ ಬಣ್ಣ ಬಳಿದು ವಿನಾಂಪಿನ ಸ್ಕಿನ್ಸ್ ಫೋಲ್ಡರಿನಲ್ಲಿಟ್ಟರೆ ಆಯಿತು. ಕುಬಸಕ್ಕೆ ಹೊಸ ಬಟ್ಟೆ, ಅಳತೆ ಮಾತ್ರ ಹಳೆಯದೇ. ಕಂಪ್ಯೂಟರಿನ ಜೊತೆಗೇ ಬಂದಿದ್ದ ಪೇಂಟ್‌ನಲ್ಲಿ ಚಿತ್ರವನ್ನು ಹಿಗ್ಗಿಸಿ, ಕಂಟ್ರೋಲ್ ಮತ್ತು ಜಿ ಒತ್ತಿದೆ. ನೋಡಿದರೆ ಚೌಕಳಿ ಚೌಕಳಿ, ನನ್ನ ಕ್ರಾಸ್ ಸ್ಟಿಚ್ ಪುಸ್ತಕದ ಹಾಳೆಯೇ! ಅಲ್ಲಿಂದ ಭಯ ಹೋಯಿತು. ತಪ್ಪು ಬಿಚ್ಚಲು ಮಾತ್ರ ಆ ಪೇಂಟ್‌ನಲ್ಲಿ ಮೂರೇ ಹೆಜ್ಜೆ ಹಿಂದಕ್ಕೆ ಹೋಗಬಹುದಿತ್ತು. ನಮ್ಮ ಸೂಜಿ ದಾರವೇ ವಾಸಿ.

ಹದಿನೈದು ರಾತ್ರಿ ಕೂತು ಅವ್ವನ ಇಳಕಲ್ ಸೀರೆಯ ಗೋಮಿ ದಡಿಯನ್ನು ಸುತ್ತಲೂ ತುಂಬಿದೆ. ಗುಂಡಿಗಳಿಗೆ ಖಣದ ಬಣ್ಣ. ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡು ಅವ್ವನನ್ನು ಕೂರಿಸಿದೆ. ಅವಳು ಪರದೆಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿ, “ಏನೋ ಕೆಂಪಗ ಕಾಣತದ” ಎಂದಳು. ಅಷ್ಟೇ. ಯಾರಿಗಾಗಿ ಹೊಲಿಯುತ್ತಿದ್ದೇನೆ ಎಂಬುದನ್ನೇ ಮರೆತಿದ್ದೆ ನೋಡಿ.

ಎರಡನೆಯದಕ್ಕೆ ಪೂರಾ ಕಪ್ಪು ಬಳಿದೆ. ಬೇಡದ ಗುಂಡಿಗಳನ್ನು ಕಪ್ಪಿನಲ್ಲೇ ಮುಳುಗಿಸಿ ಎರಡನ್ನು ಉಳಿಸಿಕೊಂಡೆ. ತೊಗರಿ ಹೂವಿನ ಹಳದಿಯಲ್ಲಿ ಹಾಡಿಸಲು ‘ಹಾ’, ನಿಲ್ಲಿಸಲು ‘ನಿ’. ನಮ್ಮ ದುಂಡನೆಯ ಅಕ್ಷರ ಹದಿನೆಂಟು ಚುಕ್ಕಿಯಲ್ಲಿ ಕೂರಬೇಕಾದರೆ ಎಷ್ಟು ಒದ್ದಾಡಿತೋ! ಗುಂಡಿಯನ್ನು ದೊಡ್ಡದು ಮಾಡಲು ಬಾರದು, ಆದರೆ ಕಂಟ್ರೋಲ್ ಮತ್ತು ಡಿ ಒತ್ತಿದರೆ ಇಡೀ ಮುಖವೇ ಇಮ್ಮಡಿಯಾಗುತ್ತದೆ.

ಆದರೂ ಹಾಡು ಶುರುವಾಗಿ ಶುರುವಾಗಿ ನಿಲ್ಲುತ್ತಿತ್ತು. ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ಗುಂಡಿಗಳ ಚಿತ್ರದಲ್ಲಿ ಎರಡು ಸಾಲು: ಮೇಲಿನದು ಸುಮ್ಮನಿರುವ ಗುಂಡಿ, ಕೆಳಗಿನದು ಒತ್ತಿದಾಗಿನದು. ಎರಡಕ್ಕೂ ಒಂದೇ ಹಳದಿ ಬಳಿದಿದ್ದೆ. ಒತ್ತಿದ್ದು ಗೊತ್ತಾಗದೆ ಅವ್ವ ಮತ್ತೆ ಮತ್ತೆ ಒತ್ತುತ್ತಿದ್ದಳು, ಹಾಡು ಪ್ರತಿ ಸಲವೂ ಮೊದಲಿನಿಂದ ಶುರುವಾಗುತ್ತಿತ್ತು. ಕೆಳಗಿನ ಸಾಲಿಗೆ ಬಿಳಿ ಬಳಿದೆ. ಮರುದಿನ ಶಾಲೆಯಿಂದ ಬರುವಾಗ ಓಣಿಯ ತಿರುವಿನಲ್ಲೇ ದೊಡ್ಡವ್ವನ ದನಿ ಕೇಳಿಸಿತು. ಚಪ್ಪಲಿ ಕಳಚದೆ ಹೊರಗಿನ ಕಟ್ಟೆಯ ಮೇಲೆ ಕೂತುಬಿಟ್ಟೆ.

ಎಲ್ಲ ಮುಗಿದ ಮೇಲೆ ಹುಡುಗ, “ಎಕ್ಸ್ ಕೀ ಒತ್ತಿದರೂ ಹಾಡತದ ಸಣ್ಣವ್ವಾ, ಅದಕ್ಕೊಂದು ಟಿಕಳಿ ಹಚ್ಚಿದ್ರ ಸಾಕಾಗ್ತಿತ್ತು” ಎಂದ. ಅವನನ್ನು ಏನು ಮಾಡಬೇಕು ಹೇಳಿ!

2003ರ ಬೇಸಿಗೆಗೆ ಮೊದಲು ಅವ್ವನ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಕೆಲವು ದಿನಗಳಾದ ಮೇಲೆ ಕಂಪ್ಯೂಟರಿನ ಮುಂದೆ ಕೂತವಳೇ ಹೌಹಾರಿದಳು. “ಇದೇನಬೇ, ಕಾಗಿ ಕುಂತಂಗದ! ನನ್ನ ಸೀರಿ ದಡಿ ಹಾಕೀನಿ ಅಂದಿದ್ದೆಲ್ಲ, ಎಲ್ಲದ ಅದು?”

ಮೊದಲಿನದನ್ನು ತೆಗೆದು ಹಾಕಿದೆ. ಕನ್ನಡಕ ಸರಿಪಡಿಸಿಕೊಂಡು ಅಂಚಿನುದ್ದಕ್ಕೂ ಬೆರಳು ಆಡಿಸಿದಳು.

“ಗೋಮಿ ದಡಿಗಿ ಈ ಕೆಂಪು ಬರಂಗಿಲ್ಲ” ಎಂದಳು.

ಆ ರಾತ್ರಿ ಮತ್ತೆ ಪೇಂಟ್ ತೆರೆದು ಕೂತೆ.