ಕಾವೇರಿಗೆ ಸಿಗದ ಪ್ರಶಸ್ತಿ

ಕಲ್ಪನಾ ಎಂದೊಡನೆ ನಮ್ಮ ಸ್ಟಾಫ್‌ರೂಮಿನಲ್ಲಿ ಯಾರಾದರೊಬ್ಬರು ಕಣ್ಣರಳಿಸಿ, ಸೆರಗು ಎಳೆದು ಅಣಕಿಸುತ್ತಾರೆ. ಎಲ್ಲರೂ ನಗುತ್ತಾರೆ. ನನಗೆ ಮಾತ್ರ ನಗು ಬರುವುದಿಲ್ಲ.

ನಮ್ಮ ಚಿಕ್ಕಮ್ಮನಿಗೆ ಬಾಣಂತನದಲ್ಲಿ ಮನಸ್ಸು ಕೆಟ್ಟಿತ್ತು. ಗುಣವಾಗಿ ಆಸ್ಪತ್ರೆಯಿಂದ ಬಂದ ಮೇಲೂ ಅವಳು ಜೋರಾಗಿ ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಅವಳ ಕೈತುತ್ತನ್ನು ನಾನೂ ಒಲ್ಲೆ ಎಂದಿದ್ದೆ. ಆಗ ನನಗೆ ಹನ್ನೆರಡು ವರ್ಷ.

ಆಮೇಲೊಂದು ಭಾನುವಾರ ಟಿ.ವಿ.ಯಲ್ಲಿ ‘ಶರಪಂಜರ’ ಬಂತು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ಚಿತ್ರ. ಜನ ನೆನೆಯುವುದು ಕಾವೇರಿಯ ಕೂಗಾಟವನ್ನು. ನನ್ನನ್ನು ಹಿಡಿದವಳು ಗುಣವಾಗಿ ಮನೆಗೆ ಮರಳಿದ ಕಾವೇರಿ. ಎಲ್ಲರೂ ತನ್ನನ್ನು ಅಳೆಯುತ್ತಿದ್ದಾರೆಂದು ಗೊತ್ತಿದ್ದೂ, ಏನೂ ಆಗದವಳಂತೆ ಇರಲು ಅವಳು ಪಡುವ ಪಾಡು! ಆ ಕಣ್ಣುಗಳಲ್ಲಿ ಚಿಕ್ಕಮ್ಮ ಕಂಡಳು.

1972ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ‘ಶರಪಂಜರ’ ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. ಶ್ರೇಷ್ಠ ನಟಿ ಪ್ರಶಸ್ತಿ ಮಲಯಾಳದ ‘ಸ್ವಯಂವರಂ’ಗಾಗಿ ಶಾರದಾ ಅವರಿಗೆ ಹೋಯಿತು. ಅವರೂ ದೊಡ್ಡ ನಟಿಯೇ; ನನಗೇನೂ ಹೊಟ್ಟೆಕಿಚ್ಚಿಲ್ಲ. ಮುಂದೆ ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ‘ಹಸೀನಾ’ಕ್ಕೆ ತಾರಾ, ‘ಗುಲಾಬಿ ಟಾಕೀಸ್’ಗೆ ಉಮಾಶ್ರೀ ಆ ಗೌರವ ಪಡೆದರು. 1979ರಲ್ಲಿ ತೀರಿಕೊಂಡ ಕಲ್ಪನಾಗೆ ಮಾತ್ರ ಅದು ಬರಲೇ ಇಲ್ಲ. ಕೂಗಿದ್ದು ಅತಿಯಾಯಿತು ಎನ್ನುವವರಿದ್ದಾರೆ, ಇರಬಹುದು. ತಡೆದುಕೊಂಡದ್ದಕ್ಕೆ ಅಂಕ ಕೊಡಬೇಡವೇ?

ಅಂದು ಚಿತ್ರ ಮುಗಿದಾಗ ಚಿಕ್ಕಮ್ಮ ಅಡಿಗೆಮನೆಯಲ್ಲಿ ಒಬ್ಬಳೇ ಇದ್ದಳು. ಹೋಗಿ ಕೈ ಚಾಚಿದೆ. “ಚಿಕ್ಕಮ್ಮಾ, ತುತ್ತು ಕೊಡು.”

ಅವಳು ಏನೂ ಕೇಳದೆ ಅನ್ನ ಕಲಸಿದಳು.