ಹಾವು ಯಾರು ಹಿಡೀಬೇಕಿತ್ತು?

ಎ. ಕೆ. ರಾಮಾನುಜನ್ ಹೇಳಿದ ಜನಪದ ಕಥೆಯಿಂದಲೇ ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕ ಹುಟ್ಟಿತು. 1997ರಲ್ಲಿ ನಾಗಾಭರಣ ಅದನ್ನು ಸಿನಿಮಾ ಮಾಡಿದರು. ಗಂಡನ ವೇಷದಲ್ಲಿ ರಾತ್ರಿ ನಾಗ ಬರ್ತಾನ. ಗಂಡ, ನಾಗ ಎರಡೂ ಪ್ರಕಾಶ್ ರೈ!

ಬೀದರ ಬಸ್ ಸ್ಟ್ಯಾಂಡಿನಾಗ ಚಹಾ ಕುಡೀತಾ ನಾವು ಮೂವರು ಆ ಪುಸ್ತಕದ ಮೇಲೆ ವಾದಕ್ಕಿಳಿದ್ವಿ.

ಭಾಲ್ಕಿಯವ ಅಂದ: “ಪ್ರೀತಿ ಮಾಡಿದವ ನಾಗ. ಅವನೇ ಹೀರೋ.”

ನಾನಂದೆ: “ಅವನೂ ಮೋಸಗಾರನೇ ಅಲ್ಲೇನಪಾ?”

ಔರಾದಿನವ ಕೇಳಿದ: “ಬ್ಯಾರೆಯಾಕಿ ಮನಿಗಿ ಹೋದವ ಅಪ್ಪಣ್ಣ. ಪಂಚರ ಮುಂದ ಹಾವು ಹಿಡಿದು ಪ್ರಮಾಣ ಮಾಡಿದಾಕಿ ರಾಣಿ. ಯಾಕ?”

ಅವನ ಅಕ್ಕ ಗಂಡನ ಸಂಶಯ ತಾಳದೆ ತವರು ಸೇರಿದ್ದು ನಮಗೆ ಗೊತ್ತಿತ್ತು. ನಾವಿಬ್ಬರೂ ಸುಮ್ಮನಾದ್ವಿ.

ಓದುಗ ಮಿತ್ರರೇ, ಹೀರೋ ಯಾರಾದರೂ ಇರಲಿ. ಅವನ ಪ್ರಶ್ನೆಗೆ ನೀವೇನಂತೀರಿ?